ಪಾರ್ಕಿನ ಬೋರ್ಡಿನಲ್ಲಿ ನಾನು ಬರೆದ ಒಂದು ಸಾಲು

ಮೂರು ವರ್ಷದ ಹಿಂದಿನ ರಾಜ್ಯೋತ್ಸವದ ತಿಂಗಳು. ಹೈಸ್ಕೂಲಿನ ಕನ್ನಡ ಟೀಚರ್ ಕೆಲಸದಿಂದ ನಾನು ನಿವೃತ್ತಳಾಗಿ ಆಗಿನ್ನೂ ಆರು ತಿಂಗಳಾಗಿತ್ತು. ಜೆ.ಪಿ. ನಗರದಲ್ಲಿ, ಸಾರಕ್ಕಿ ಕಡೆಗೆ ಹೋಗುವ ರಸ್ತೆಯ ಒಳಗೆ, ನಮ್ಮ ಮನೆಗೆ ಐದು ನಿಮಿಷದ ದಾರಿಯಲ್ಲಿ ಒಂದು ಸಣ್ಣ ಪಾರ್ಕಿದೆ. ಬೆಳಗ್ಗೆ ಅಲ್ಲಿ ನಾಲ್ಕು ಸುತ್ತು ಹಾಕುವುದು, ಬಂದು ಕಾಫಿ ಕುಡಿಯುವುದು, ಆಮೇಲೆ ಇಡೀ ದಿನ ಏನು ಮಾಡುವುದಪ್ಪಾ ಎಂದು ಗೋಡೆ ನೋಡುವುದು, ಇದೇ ನನ್ನ ದಿನಚರಿಯಾಗಿತ್ತು. ಸೀಮೆಸುಣ್ಣ ಹಿಡಿದ ಕೈಗೆ ಕೆಲಸವಿಲ್ಲದಿದ್ದರೆ ಎಷ್ಟು ಚಡಪಡಿಕೆ ಎನ್ನುವುದು ಟೀಚರುಗಳಿಗೆ ಮಾತ್ರ ಗೊತ್ತು.

ಆ ಪಾರ್ಕಿನ ಗೇಟಿನ ಹತ್ತಿರ ಒಂದು ಕಪ್ಪು ಹಲಗೆ ಇತ್ತು. ನಮ್ಮ ವಾಕಿಂಗ್ ಗುಂಪಿನ ಹಿರಿಯರಾದ ಮೂರ್ತಿಯವರು ಅದರಲ್ಲಿ ಆರೋಗ್ಯದ ಸಲಹೆ ಬರೆಯುತ್ತಿದ್ದರು. ಬರೆಯುತ್ತಿದ್ದರು ಎನ್ನುವುದೇ ತಪ್ಪು. ‘ಬೆಳಗ್ಗೆ ಎದ್ದ ತಕ್ಷಣ ಬಿಸಿನೀರು ಕುಡಿಯಿರಿ’ ಎಂದು ಒಂದು ಸಲ ಬರೆದವರು ಐದಾರು ತಿಂಗಳು ಅದನ್ನು ಅಳಿಸಿಯೇ ಇರಲಿಲ್ಲ. ನವೆಂಬರ್ ಬಂದಾಗ ಅವರೇ, "ಟೀಚರ್, ಈ ತಿಂಗಳು ಬೋರ್ಡು ನಿಮ್ದು. ಕನ್ನಡದ ಬಗ್ಗೆ ಏನಾದ್ರೂ ಬರೀರಿ" ಎಂದು ಸೀಮೆಸುಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟರು. ನನಗೋ ಸ್ವರ್ಗ ಸಿಕ್ಕಷ್ಟು ಖುಷಿ.

ನನಗೆ ಮೊದಲಿನಿಂದಲೂ ಒಂದು ಹುಚ್ಚಿತ್ತು. ಬರೆಯುವುದಕ್ಕೆ ಒಂದೇ ಥರ ಇದ್ದು, ಒಂದೊಂದು ಭಾಷೆಯಲ್ಲಿ ಒಂದೊಂದು ಅರ್ಥ ಕೊಡುವ ಪದಗಳನ್ನು ಹುಡುಕಿ ಇಡುವ ಹುಚ್ಚು. ನಾವು ‘ಅರಿ’ ಎಂದರೆ ತಿಳಿದುಕೋ ಎಂದು. ಸಂಸ್ಕೃತದಲ್ಲಿ ಅರಿ ಎಂದರೆ ಶತ್ರು. ಮಲಯಾಳಿಗಳಿಗೆ ಅರಿ ಎಂದರೆ ಅಕ್ಕಿ. ನಮ್ಮ ಚಿನ್ನ ಬಂಗಾರವಾದರೆ ತೆಲುಗಿನ ಚಿನ್ನ ಸಣ್ಣದು. ನಾವು ಬೆಳಗ್ಗೆ ‘ಎದ್ದು’ ಬಂದರೆ ತೆಲುಗಿನವರಿಗೆ ಅದು ಎತ್ತು. ಈ ಮಾತುಗಳು ಬೇರೆ ಬೇರೆ ಮನೆಯಲ್ಲಿ ಹುಟ್ಟಿ, ಯಾವತ್ತೂ ಪರಿಚಯವಿಲ್ಲದೆ, ಒಂದೇ ಹೆಸರು ಇಟ್ಟುಕೊಂಡು ಓಡಾಡುತ್ತವಲ್ಲ, ಅದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಬೋರ್ಡಿನಲ್ಲಿ ದಿನಕ್ಕೊಂದು ಇಂಥ ಪದ ಬರೆಯತೊಡಗಿದೆ. ಮೇಲೆ ಹಳದಿ ಸೀಮೆಸುಣ್ಣದಲ್ಲಿ ಪದ. ಕೆಳಗೆ ಮೂರು ಅಂಕಣ. ಮೊದಲನೆಯದು ಭಾಷೆ, ಎರಡನೆಯದು ಅರ್ಥ, ಮೂರನೆಯದು ಮೂಲ, ಅಂದರೆ ಆ ಪದ ಎಲ್ಲಿಂದ ಬಂತು ಎನ್ನುವುದು. ವಾರ ಕಳೆಯುವುದರೊಳಗೆ ಬೋರ್ಡಿನ ಮುಂದೆ ಜನ ನಿಲ್ಲತೊಡಗಿದರು. ‘ಮಣಿ’ ಬರೆದ ದಿನ ತಮಿಳಿನ ಆಂಟಿ ಒಬ್ಬರು, "ನಮ್ಮಲ್ಲಿ ಮಣಿ ಅಂದ್ರೆ ಗಂಟೆ ಮೇಡಂ, ಟೈಮ್ ಕೇಳೋಕೂ ಅದೇ" ಎಂದು ತಾವೇ ಒಂದು ಸಾಲು ಸೇರಿಸಿದರು. ‘ಪಟ್ಟಿ’ ಬರೆದ ದಿನ ಕೇರಳದ ದಂಪತಿ ನಿಂತು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಪಟ್ಟಿ ಎಂದರೆ ನಾಯಿಯಂತೆ. ಮೂರ್ತಿಯವರು ದಿನಾ ಬೋರ್ಡಿನ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. "ಟೀಚರ್, ಸಖತ್ತಾಗಿದೆ" ಎಂದು ನಾಲ್ಕು ಜನ ಹೇಳಿದ್ದೇ ತಡ, ನನ್ನ ಕಾಲು ನೆಲದ ಮೇಲಿರಲಿಲ್ಲ. ಈ ಮಾತನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಈ ಜಂಬವೂ ಒಂದು ಕಾರಣ.

ಸೀತಾಬಾಯಿ ಆ ಪಾರ್ಕಿನ ಕೆಲಸದಾಕೆ. ಕಸ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಒಣಗಿದ ಎಲೆ ಬಾಚುವುದು ಎಲ್ಲ ಆಕೆಯದೇ. ವಿಜಯಪುರದ ಕಡೆಯ ತಾಂಡಾದವಳು. ನಲವತ್ತೈದು ದಾಟಿರಬಹುದು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾದರೂ ಆ ಕಡೆಯ ಕನ್ನಡವನ್ನು ಬಿಟ್ಟಿರಲಿಲ್ಲ. ನಾನು ಬರುವ ಹೊತ್ತಿಗೆ ಹಿಂದಿನ ದಿನದ ಪದವನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೋರ್ಡನ್ನು ಕನ್ನಡಿಯ ಹಾಗೆ ಮಾಡಿಟ್ಟಿರುತ್ತಿದ್ದಳು. ಯಾರೂ ಹೇಳಿದ ಕೆಲಸವಲ್ಲ ಅದು. ನಾನು ಬರೆಯುತ್ತಿದ್ದರೆ ಪೊರಕೆಗೆ ಗದ್ದ ಊರಿ ಹಿಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಂತೆ. ಒತ್ತಕ್ಷರ ಬಂದರೆ ತಡವರಿಸುವಳು, ನಾನು ಹೇಳಿಕೊಡುತ್ತಿದ್ದೆ. ನಿವೃತ್ತಿಯ ನಂತರ ನನಗೆ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ ಎಂದು ಮನೆಯಲ್ಲಿ ತಮಾಷೆ ಮಾಡಿಕೊಳ್ಳುತ್ತಿದ್ದೆ.

ತಿಂಗಳ ಮೂರನೇ ವಾರ ಒಂದು ದಿನ ಆಕೆ ಪೈಪನ್ನು ಗಿಡದ ಬುಡಕ್ಕೆ ಬಿಟ್ಟು ಬಂದು, "ಟೀಚರ್, ಒಂದ್ ಮಾತ ಕೇಳ್ಲೇನ್ರಿ?" ಎಂದಳು.

"ಕೇಳು ಸೀತಾಬಾಯಿ."

"ನಮ್ಮದೂ ಒಂದು ಭಾಷಾ ಐತ್ರಿ, ಲಂಬಾಣಿ. ನಮ್ಮೊಳಗ ನೀರಿಗೆ ಪಾಣಿ ಅಂತೀವ್ರಿ. ಪಾಣಿ ಅಂದ್ರ ನಿಮ್ಮೊಳಗ ಬ್ಯಾರೆ ಏನರ ಐತೇನ್ರಿ?"

ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. "ಇಲ್ದೇ ಏನು! ಪಾಣಿ ಅಂದ್ರೆ ಕೈ. ಮದುವೇಲಿ ಪಾಣಿಗ್ರಹಣ ಅಂತಾರಲ್ಲ, ಗಂಡು ಹೆಣ್ಣಿನ ಕೈ ಹಿಡಿಯೋದು. ಅದು ಸಂಸ್ಕೃತದಿಂದ ಬಂದಿದ್ದು."

ಆಕೆ ತನ್ನ ಒದ್ದೆ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಹಂಗಾದ್ರ ಕೈಯೂ ಪಾಣಿ, ಕೈಯಾಗಿಂದೂ ಪಾಣಿ" ಎಂದು ನಕ್ಕಳು. ಆಮೇಲೆ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದಳು. "ಇದನ್ನ ಬೋರ್ಡಿನ ಮ್ಯಾಲ ಬರೀತೀರೇನ್ರಿ? ಐತವಾರ ಬರದ್ರ ನನ್ನ ಮಗಳನ್ನ ಕರ್ಕೊಂಡ್ ಬರ್ತೀನ್ರಿ. ಅಕಿ ಕಾಲೇಜ್ ಓದ್ತಾಳ. ಮನ್ಯಾಗ ನಾ ನಮ್ಮ ಭಾಷಾದಾಗ ಮಾತಾಡಿಸಿದ್ರ ಅಕಿ ಕನ್ನಡದಾಗ ಉತ್ತರ ಕೊಡ್ತಾಳ್ರಿ. ‘ಬರೀಲಿಕ್ಕೆ ಅಕ್ಷರನ ಇಲ್ಲ ಅದಕ್ಕ, ಮಂದಿ ಮುಂದ ಮಾತಾಡಬ್ಯಾಡ’ ಅಂತ ನನಗ ಬುದ್ಧಿ ಹೇಳ್ತಾಳ. ಟೀಚರ್ ಬರದಾರ ಅಂದ್ರ ಅಕಿ ನಂಬ್ತಾಳ್ರಿ. ನಮ್ಮದೂ ಭಾಷಾ ಅಂತ ಅಕಿಗೆ ಗೊತ್ತಾಗಬೇಕ್ರಿ."

"ಭಾನುವಾರ ಖಂಡಿತ ಬರೀತೀನಿ. ದೊಡ್ಡದಾಗಿ ಬರೀತೀನಿ" ಎಂದೆ.

ಬರೆಯುವುದೇನೋ ಬರೆದೆ. ಶನಿವಾರ ಸಂಜೆಯೇ ಕೂತು ಚೀಟಿಯಲ್ಲಿ ಸಿದ್ಧ ಮಾಡಿಕೊಂಡೆ. ಸಂಸ್ಕೃತ, ಕೈ. ಲಂಬಾಣಿ, ನೀರು. ಮೂರನೇ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಲಂಬಾಣಿಯವರ ಪಾಣಿ ಎಲ್ಲಿಂದ ಬಂತು? ನನ್ನ ಬಳಿ ಇರುವ ಯಾವ ನಿಘಂಟಿನಲ್ಲೂ ಆ ಭಾಷೆಯ ಪದಗಳಿರಲಿಲ್ಲ. ಗೊತ್ತಿಲ್ಲ ಎಂದು ಖಾಲಿ ಬಿಡಬಹುದಿತ್ತು. ಯಾರನ್ನಾದರೂ ಕೇಳಬಹುದಿತ್ತು. ಆದರೆ ನಾನು ಜೀವನಪೂರ್ತಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ: "ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೂ ಬರೆದು ಬನ್ನಿ." ಅದೇ ಚಾಳಿ ನನಗೂ ಅಂಟಿತ್ತು. ಖಾಲಿ ಜಾಗ ನೋಡಿದರೆ ನನಗೆ ತಡೆಯುವುದಿಲ್ಲ. ಹಿಂದಿಯಲ್ಲಿ ಪಾನಿ ಇದೆ, ಇವರು ಪಾಣಿ ಎನ್ನುತ್ತಾರೆ, ಮತ್ತೇನಿದೆ ಎಂದು ಅಂದಾಜಿನಲ್ಲಿ ಮೂಲದ ಜಾಗದಲ್ಲಿ ಹೀಗೆ ಬರೆದೆ: ‘ಹಿಂದಿಯ ಪಾನಿ ಎಂಬುದರ ಕೆಟ್ಟ ರೂಪ’. ಬರೆಯುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ. ವ್ಯಾಕರಣದ ಪಾಠದಲ್ಲಿ ಇಂಥ ಮಾತು ನೂರು ಸಲ ಹೇಳಿದ್ದೆ.

ಭಾನುವಾರ ಬೆಳಗ್ಗೆ ಬೋರ್ಡಿನ ಮೇಲೆ ಅದನ್ನೇ ಇಳಿಸಿದೆ. ‘ಪಾಣಿ’ ಎನ್ನುವುದನ್ನು ಮಾತು ಕೊಟ್ಟ ಹಾಗೆ ದೊಡ್ಡದಾಗಿಯೇ ಬರೆದು, ಸುತ್ತ ಒಂದು ಗೆರೆಯ ಅಲಂಕಾರವನ್ನೂ ಮಾಡಿದೆ.

ಸೀತಾಬಾಯಿ ಅವತ್ತು ಕೆಲಸದ ಕೋಟು ಹಾಕಿರಲಿಲ್ಲ. ಜರಿ ಅಂಚಿನ ಹಸಿರು ಸೀರೆ ಉಟ್ಟು, ತಲೆ ತುಂಬ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಜೊತೆಗೆ ಮಗಳು ಪೂಜಾ. ಜೀನ್ಸ್ ಪ್ಯಾಂಟು, ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಮೊಬೈಲು, ಮುಖದಲ್ಲಿ ಬಲವಂತಕ್ಕೆ ಬಂದ ಕಳೆ. ಭಾನುವಾರವಾದ್ದರಿಂದ ನಮ್ಮ ಗುಂಪಿನ ಹತ್ತು ಹನ್ನೆರಡು ಜನ ಬೋರ್ಡಿನ ಮುಂದೆ ಇದ್ದರು. ಸೀತಾಬಾಯಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, "ಓದು, ನೀನ ಓದು" ಎಂದು ಮಗಳ ಬೆನ್ನು ತಟ್ಟಿದಳು.

ಪೂಜಾ ಓದಿದಳು. "ಪಾಣಿ. ಸಂಸ್ಕೃತ, ಕೈ. ಲಂಬಾಣಿ, ನೀರು." ಅಲ್ಲಿಯವರೆಗೆ ಸೀತಾಬಾಯಿಯ ಮುಖ ಹೇಗಿತ್ತೆಂದರೆ, ಶಾಲಾ ವಾರ್ಷಿಕೋತ್ಸವದಲ್ಲಿ ತಮ್ಮ ಮಗುವಿನ ಹೆಸರು ಕೂಗಿದಾಗ ತಾಯಂದಿರ ಮುಖ ಇರುತ್ತದಲ್ಲ, ಹಾಗೆ. ಮುಂದಿನ ಸಾಲಿಗೆ ಬಂದಾಗ ಹುಡುಗಿಯ ದನಿ ನಿಧಾನವಾಯಿತು. "ಹಿಂದಿಯ ಪಾನಿ ಎಂಬುದರ ಕೆಟ್ಟ ರೂಪ."

ಮೂರ್ತಿಯವರು ನಕ್ಕುಬಿಟ್ಟರು. "ಓಹೋ, ಹಾಗಾದ್ರೆ ನಮ್ಮ ಸೀತಾಬಾಯಿದು ಡೂಪ್ಲಿಕೇಟ್ ಹಿಂದಿ ಅನ್ನಿ" ಎಂದರು. ಅವರು ಕೆಟ್ಟವರಲ್ಲ, ಬಾಯಿಗೆ ಬಂದದ್ದು ಹೇಳುವ ಸ್ವಭಾವ. ಇನ್ನೂ ಇಬ್ಬರು ಮೂವರು ನಕ್ಕರು. ನಾನೂ ಸ್ವಲ್ಪ ನಕ್ಕೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಪೂಜಾ ತಾಯಿಯ ಕಡೆ ತಿರುಗಿದಳು. ಕೂಗಾಡಲಿಲ್ಲ. ಮೆಲ್ಲಗೇ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು. "ಸಾಕಾ ಅಮ್ಮಾ? ಇದನ್ನ ತೋರಿಸೋಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಾ? ನಾನ್ ಹೇಳ್ತಿದ್ದಿದ್ದೂ ಇದೇ ತಾನೆ." ಅಷ್ಟು ಹೇಳಿ ಗೇಟು ದಾಟಿ ಹೋಗಿಯೇಬಿಟ್ಟಳು.

ಸೀತಾಬಾಯಿ ಅಲ್ಲೇ ನಿಂತಿದ್ದಳು. "ಟೀಚರ್, ನಮ್ಮ ಮಾತು ಕೆಟ್ಟದ್ದೇನ್ರಿ?" ಎಂದು ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳುವುದಕ್ಕೇ ಕೇಳಿದ್ದಳು.

ಇಲ್ಲಿಯವರೆಗಿನದು ತಪ್ಪು ಅನ್ನಬಹುದು. ಆಮೇಲೆ ನಾನು ಮಾಡಿದ್ದಕ್ಕೆ ಆ ಹೆಸರು ಸಾಲದು. ಬೋರ್ಡು ಒರೆಸಿದ ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು, ಆ ಒಂದು ಸಾಲನ್ನು ಒರೆಸಿ ‘ತಪ್ಪಾಯ್ತು ಸೀತಾಬಾಯಿ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಗಳು ಇನ್ನೂ ಬಸ್‌ಸ್ಟಾಪನ್ನೂ ಮುಟ್ಟಿರಲಿಲ್ಲ, ಕೂಗಿ ಕರೆಯಬಹುದಿತ್ತು. ನಾನು ಏನು ಮಾಡಿದೆ ಗೊತ್ತೆ? ಪಾಠ ಮಾಡಿದೆ. "ಹಾಗಲ್ಲ ಸೀತಾಬಾಯಿ, ಕೆಟ್ಟ ರೂಪ ಅಂದ್ರೆ ಬೈಗುಳ ಅಲ್ಲ. ಒಂದು ಭಾಷೆಯ ಪದ ಓದುಬರಹ ಇಲ್ಲದವರ ಬಾಯಲ್ಲಿ ಬದಲಾಗುತ್ತೆ, ಅದಕ್ಕೆ ಹಾಗಂತಾರೆ" ಎಂದು ಶುರು ಮಾಡಿ ಹತ್ತು ನಿಮಿಷ ಕೊರೆದೆ. ಹತ್ತು ಹನ್ನೆರಡು ಜನರ ಮುಂದೆ, ಹಸಿರು ಸೀರೆ ಉಟ್ಟು ನಿಂತ ಆಕೆಗೆ, ಆಕೆಯ ಮನೆಮಾತು ಯಾಕೆ ಕೆಟ್ಟದ್ದು ಎಂದು ಉದಾಹರಣೆ ಸಮೇತ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ "ಆತ್ರಿ ಟೀಚರ್" ಎಂದು ಹೇಳಿ, ಕೋಟು ತೊಟ್ಟು ಪೊರಕೆ ಹಿಡಿದಳು.

ಮರುದಿನ ಬೋರ್ಡು ಎಂದಿನಂತೆ ಸ್ವಚ್ಛವಾಗಿತ್ತು. ಸೀತಾಬಾಯಿ ನಮಸ್ಕಾರವನ್ನೂ ಹೇಳಿದಳು. ಆದರೆ ನಾನು ಬರೆಯುವಾಗ ಹಿಂದೆ ಬಂದು ನಿಲ್ಲಲಿಲ್ಲ. ಪಾರ್ಕಿನ ಆ ತುದಿಯಲ್ಲಿ ಎಲೆ ಬಾಚುತ್ತಿದ್ದಳು. ಅದರ ಮರುದಿನವೂ ಅಷ್ಟೆ. ನಾನು ಬೇಕೆಂದೇ ಒತ್ತಕ್ಷರವಿಲ್ಲದ ಸುಲಭದ ಪದ ಬರೆದು, "ಬಾ ಸೀತಾಬಾಯಿ, ಓದು" ಎಂದು ಕರೆದೆ. "ಕೆಲಸ ಐತ್ರಿ" ಎಂದಳು. ನನಗೆ ಒಳಗೊಳಗೇ ಕೋಪವೂ ಬಂತು. ಇಷ್ಟು ಸಣ್ಣ ವಿಷಯಕ್ಕೆ ಮುನಿಸೇಕೆ ಎಂದುಕೊಂಡೆ.

ಕಣ್ಣು ತೆರೆಸಿದ್ದು ನನ್ನ ಹಳೆಯ ಸಹೋದ್ಯೋಗಿ ವಸುಂಧರಾ. ನಮ್ಮ ಶಾಲೆಯಲ್ಲಿ ಸಂಸ್ಕೃತ ಮತ್ತು ಹಿಂದಿ ಕಲಿಸುತ್ತಿದ್ದವಳು, ಈಗ ಜಯನಗರದಲ್ಲಿದ್ದಾಳೆ. ತಿಂಗಳ ಕೊನೆಗೆ ಅವಳ ಮನೆಗೆ ಹೋದಾಗ, ನನ್ನ ಪ್ರತಾಪ ತೋರಿಸಲು ಬೋರ್ಡಿನ ಫೋಟೋಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ‘ಪಾಣಿ’ ಬಂದಾಗ ಅವಳು ಕನ್ನಡಕ ಸರಿಮಾಡಿಕೊಂಡಳು.

"ಇದನ್ನ ಯಾರೇ ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ಗೊತ್ತಾಗಲ್ವಾ?"

"ಲಂಬಾಣಿ ಹಿಂದಿಯ ಮಗಳಲ್ಲ ಕಣೇ. ಅದು ರಾಜಸ್ಥಾನದ ಕಡೆಯ ಮಾತುಗಳ ಬಳಗದ್ದು. ಸಂಸ್ಕೃತದ ‘ಪಾನೀಯ’ದಿಂದ ಹಿಂದಿಯವರಿಗೆ ಒಂದು ದಾರೀಲಿ ಬಂತು, ಇವರಿಗೆ ಇನ್ನೊಂದು ದಾರೀಲಿ ಬಂತು. ಅಕ್ಕತಂಗೀರು, ಅಷ್ಟೇ. ಮರಾಠಿಯವರೂ ಪಾಣಿ ಅಂತಾರೆ, ಗುಜರಾತಿಯವರೂ ಪಾಣಿ ಅಂತಾರೆ." ಅವಳು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಮರಾಠಿಯವರು ಬಂದು ಹೇಳಿದ್ರೆ ಕೆಟ್ಟ ರೂಪ ಅಂತ ಬರೀತಿದ್ಯಾ ನೀನು?"

ಉತ್ತರ ನನಗೆ ತಕ್ಷಣ ಗೊತ್ತಾಯಿತು. ಬರೆಯುತ್ತಿರಲಿಲ್ಲ. ತಮಿಳಿನ ಆಂಟಿ ಹೇಳಿದಾಗ ಆಧಾರ ಕೇಳಿರಲಿಲ್ಲ, ಕೇರಳದ ದಂಪತಿಯ ಮಾತಿನ ಮುಂದೆ ಶುದ್ಧ, ಅಶುದ್ಧ ಎಂದು ಬರೆದಿರಲಿಲ್ಲ. ಪೊರಕೆ ಹಿಡಿದವಳು ಹೇಳಿದ ಪದವಾದ್ದರಿಂದ ಅದು ಎಲ್ಲಿಂದಲೋ ಕೆಟ್ಟು ಬಂದಿರಲೇಬೇಕು ಎಂದು ನನ್ನ ಮನಸ್ಸು ತಾನೇ ತೀರ್ಮಾನ ಮಾಡಿತ್ತು. ನಾನು ಹಾಗೆ ಯೋಚಿಸುವವಳು ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಮರುದಿನ ಬೇಗ ಪಾರ್ಕಿಗೆ ಹೋದೆ. ಬೋರ್ಡು ಒರೆಸಿರಲಿಲ್ಲ. ನಾನೇ ಒರೆಸಿ ‘ಪಾಣಿ’ ಎಂದು ಮತ್ತೆ ಬರೆದೆ. ಸರಿಯಾದ ಮೂಲವನ್ನು ಬರೆದು, ಕೆಳಗೆ ‘ಹಿಂದೆ ಬರೆದದ್ದು ನನ್ನ ತಪ್ಪು. ಈ ಪದ ಕೊಟ್ಟವರು ಸೀತಾಬಾಯಿ’ ಎಂದು ಸೇರಿಸಿದೆ. ಆಮೇಲೆ ಆಕೆಗಾಗಿ ಕಾದೆ. ಬಂದದ್ದು ಬೇರೆ ಹೆಂಗಸು. "ಸೀತಕ್ಕ ಇನ್ಮೇಲೆ ಬರಲ್ಲ ಮೇಡಂ. ಕಂಟ್ರಾಕ್ಟರ್‌ನ ಕೇಳಿ ಬನಶಂಕರಿ ಕಡೆ ಪಾರ್ಕಿಗೆ ಹಾಕಿಸ್ಕೊಂಡ್ರು" ಎಂದಳು. ಕೇಳಿ ಹಾಕಿಸಿಕೊಂಡಳು ಎನ್ನುವುದು ನನ್ನ ಕಿವಿಯಲ್ಲಿ ಉಳಿಯಿತು. ಮೂರ್ತಿಯವರು ಅವತ್ತಿನ ಬೋರ್ಡಿನ ಫೋಟೋವನ್ನೂ ಗ್ರೂಪಿಗೆ ಹಾಕಿದರು. ಆ ಗ್ರೂಪಿನಲ್ಲಿ ಸೀತಾಬಾಯಿ ಇರಲಿಲ್ಲ, ಪೂಜಾಳೂ ಇರಲಿಲ್ಲ.

ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ದಿನ ತಳ್ಳಿದೆ. ಮೊದಲು ನನ್ನ ಹಳೆಯ ಮಂಡಿನೋವು, ಆಮೇಲೆ ಹಬ್ಬ, ಆಮೇಲೆ ಮನೆಗೆ ಬಣ್ಣ ಹೊಡೆಸುವ ಗಡಿಬಿಡಿ. ಇವೆಲ್ಲ ನೆಪ. ಕೆಲಸದಾಕೆಯ ಮುಂದೆ ನಿಂತು ತಪ್ಪಾಯ್ತು ಎನ್ನುವುದಕ್ಕೆ ನನಗೆ ಧೈರ್ಯ ಬರಲು ಎಂಟು ತಿಂಗಳು ಬೇಕಾಯಿತು.

ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಎರಡು ಪಾರ್ಕು ಸುತ್ತಿ, ಮೂರನೆಯದರಲ್ಲಿ ಆಕೆಯನ್ನು ಕಂಡೆ. ಬೆಳಗಿನ ಹತ್ತು ಗಂಟೆ, ವಾಕಿಂಗಿನವರೆಲ್ಲ ಹೋಗಿ ಪಾರ್ಕು ಖಾಲಿಯಿತ್ತು. ಹೊಂಗೆ ಮರದ ಕೆಳಗೆ ನನಗೆ ಬೆನ್ನು ಮಾಡಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿ ಹುಲ್ಲಿನ ಮೇಲಿಟ್ಟುಕೊಂಡು ಮಾತಾಡುತ್ತಿದ್ದಳು. ಆ ಕಡೆಯಿಂದ ಒಬ್ಬ ಮುದುಕಿಯ ದನಿ. ಇಬ್ಬರೂ ಲಂಬಾಣಿಯಲ್ಲಿ ಮಾತಾಡುತ್ತಿದ್ದರು. ಸೀತಾಬಾಯಿಗೆ ಅಷ್ಟು ದೊಡ್ಡ ದನಿಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಏನೋ ಕಥೆ ಹೇಳುತ್ತಿದ್ದಳು, ಯಾರದೋ ನಡಿಗೆಯನ್ನು ಕೈಯಿಂದ ಅಣಕಿಸುತ್ತಿದ್ದಳು, ಮಧ್ಯೆ ನಗು ತಡೆಯಲಾರದೆ ತೊಡೆ ಬಡಿದುಕೊಳ್ಳುತ್ತಿದ್ದಳು. ಆ ಕಡೆಯ ಮುದುಕಿಯೂ ಕೆಮ್ಮುತ್ತಾ ನಗುತ್ತಿದ್ದಳು. ನನಗೆ ಒಂದು ಮಾತೂ ಪೂರ್ತಿ ತಿಳಿಯಲಿಲ್ಲ. ಆದರೂ ನಿಂತು ಕೇಳಿದೆ. ಕೇಳುವುದಕ್ಕೆ ಚೆನ್ನಾಗಿತ್ತು.

ಒಣ ಎಲೆಯ ಮೇಲೆ ನನ್ನ ಕಾಲು ಬಿತ್ತು. ಆಕೆ ತಿರುಗಿದಳು. ನನ್ನನ್ನು ಕಂಡು ಮುಖದ ಮೇಲಿನ ನಗು ಆರಿತು. ಫೋನು ಕೈಗೆತ್ತಿಕೊಂಡು, ಮೆತ್ತಗೆ, ಕನ್ನಡದಲ್ಲಿ, "ಅವ್ವಾ, ಆಮ್ಯಾಲ ಮಾಡ್ತೀನಿ. ನಮ್ಮ ಟೀಚರ್ ಬಂದಾರ" ಎಂದಳು. ಆ ಕಡೆಯ ದನಿ ತಮ್ಮ ಮಾತಿನಲ್ಲೇ ಏನೋ ಕೇಳಿತು. "ಹೂಂ, ಆಮ್ಯಾಲ ಹೇಳ್ತೀನಿ, ಇಡು" ಎಂದು ಮತ್ತೆ ಕನ್ನಡದಲ್ಲೇ ಹೇಳಿ ಫೋನು ಇಟ್ಟಳು.

ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಚಲೋ ಅದೀರೇನ್ರಿ ಟೀಚರ್? ಮಂಡಿನೋವು ಕಡಿಮಿ ಆತೇನ್ರಿ?" ಎಂದು ವಿಚಾರಿಸಿದಳು. ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆಯಿಲ್ಲ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ತಡವರಿಸುತ್ತಾ ಹೇಳಿದೆ. ನಿಮ್ಮ ಭಾಷೆ ಯಾವುದರ ಕೆಟ್ಟ ರೂಪವೂ ಅಲ್ಲ, ನಾನು ತಿಳಿಯದೆ ಬರೆದೆ, ಪೂಜಾಳಿಗೆ ನಾನೇ ಬಂದು ಹೇಳುತ್ತೇನೆ ಎಂದೆ.

"ಅಯ್ಯ, ಅದ್ಯಾವಾಗಿಂದೋ ಮಾತು ಬಿಡ್ರಿ. ಪೂಜಾಗ ಏನೂ ಹೇಳೂದು ಬ್ಯಾಡ್ರಿ. ಅಕಿ ಕೂಡ ನಾ ಈಗ ಕನ್ನಡದಾಗ ಮಾತಾಡ್ತೀನ್ರಿ. ಅಕಿಗೂ ಅದ ಚಲೋ ಅನಸ್ತೈತಿ."

ಹೇಗಾದರೂ ಸರಿಮಾಡಬೇಕೆಂಬ ಆತುರದಲ್ಲಿ, "ನಂಗೆ ನಿಮ್ಮ ಭಾಷೆ ಹೇಳಿಕೊಡ್ತೀಯಾ ಸೀತಾಬಾಯಿ? ದಿನಕ್ಕೊಂದು ಮಾತು. ನಾನೇ ಇಲ್ಲಿಗೆ ಬರ್ತೀನಿ" ಎಂದೆ.

ಆಕೆ ನನ್ನ ಮುಖ ನೋಡಲಿಲ್ಲ. "ನನಗ ಅದೆಲ್ಲಾ ಮರತೈತ್ರಿ ಟೀಚರ್" ಎಂದು ಹೇಳಿ, ಬಗ್ಗಿ ಪೊರಕೆ ಎತ್ತಿಕೊಂಡಳು.

ಎರಡು ನಿಮಿಷದ ಹಿಂದೆ ನನ್ನ ಕಿವಿಯಾರೆ ಕೇಳಿದ್ದೆ. ನಾನು ಕೇಳಿಸಿಕೊಂಡೆನೆಂದು ಆಕೆಗೂ ಗೊತ್ತಿತ್ತು. ನಾನು ಸರಿ ಎಂದು ತಲೆಯಾಡಿಸಿ ಬಂದೆ.

ಸುಳ್ಳು ಹೇಳಿದಳೆಂದು ನನಗೆ ಬೇಸರವಿಲ್ಲ. ಅದು ಆಕೆಯ ಮನೆ, ಬಾಗಿಲು ಹಾಕಿಕೊಳ್ಳುವ ಹಕ್ಕು ಆಕೆಗಿದೆ. ಆದರೆ ಆ ಫೋನಿನ ಮಾತು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹೆತ್ತ ತಾಯಿಯ ಜೊತೆ ನಗುತ್ತಾ ಮಾತಾಡುತ್ತಿದ್ದವಳು, ನಾನು ಹತ್ತಿರ ಬಂದೆನೆಂದು ಆ ತಾಯಿಯ ಜೊತೆಗೂ ಭಾಷೆ ಬದಲಾಯಿಸಿದಳು. ಮೂವತ್ತೊಂದು ವರ್ಷ ಮಕ್ಕಳಿಗೆ ತಾಯ್ನುಡಿಯ ಪಾಠ ಹೇಳಿದವಳು ನಾನು.